ಆಪಾ ಅಳಿಸಿದ ಹಿಮ

ಆಪಾರ ಬಲಗೈಯ ಹೆಬ್ಬೆರಳು, ತೋರುಬೆರಳು ಸುಮ್ಮನಿದ್ದದ್ದನ್ನು ನಾನು ನೋಡಿಯೇ ಇಲ್ಲ. ಮಾತಾಡುವಾಗ, ಅಂಗಡಿಯಲ್ಲಿ ಸಾಲಿನಲ್ಲಿ ನಿಂತಾಗ, ಕಾರಿನಲ್ಲಿ ನನ್ನ ಪಕ್ಕ ಕೂತಾಗ, ಅವೆರಡೂ ಗಾಳಿಯಲ್ಲಿ ಯಾವುದೋ ಸಣ್ಣ ತಿರುಪನ್ನು ತಿರುಗಿಸುತ್ತಲೇ ಇರುತ್ತಿದ್ದವು. ಇಷ್ಟು ಮುಂದಕ್ಕೆ, ಕೂದಲೆಳೆಯಷ್ಟು ಹಿಂದಕ್ಕೆ. ಮೂವತ್ತು ವರ್ಷ ಮೈಕ್ರೋಸ್ಕೋಪಿನ ತಿರುಪು ತಿರುಗಿಸಿದ ಕೈ ಅದು. ಎದುರಿಗಿದ್ದವರು ಸುತ್ತಿ ಬಳಸಿ ಮಾತಾಡಿದರೆ ಬೆರಳುಗಳ ಓಡಾಟ ಜೋರಾಗುತ್ತಿತ್ತು. "ಏನ್ ಆಪಾ, ನನ್ನನ್ನ ಫೋಕಸ್ ಮಾಡ್ತಿದೀರಾ?" ಎಂದು ನಾನು ರೇಗಿಸಿದರೆ, "ಮತ್ತೇನ್ ಮಾಡ್ಲಿ ಬೇಟಾ, ನಿನ್ನ ಮಾತೆಲ್ಲ ಮಸುಕು ಮಸುಕು" ಎನ್ನುತ್ತಿದ್ದರು.

ಆಪಾ ಎಂದರೆ ಅಕ್ಕ. ಆದರೆ ಅವರು ನನ್ನ ಒಡಹುಟ್ಟಿದವರಲ್ಲ. ಅವರು ಮೈಸೂರಿನ ಮಂಡಿ ಮೊಹಲ್ಲಾದವರು, ನಾನು ಬೆಂಗಳೂರಿನ ಹನುಮಂತನಗರದವಳು. ಊರು ಬಿಟ್ಟು ಬಂದ ಈ ಪರದೇಶದಲ್ಲಿ, ಕ್ಯಾನ್ಯನ್ ಪಾರ್ಕಿನ ಒಂದೇ ಕಟ್ಟಡದಲ್ಲಿ ಇಬ್ಬರಿಗೂ ಕೆಲಸ. ಮೇಲಿನ ಮಹಡಿಯಲ್ಲಿ ನಾನು ಸಾಫ್ಟ್‌ವೇರ್ ಬರೆಯುತ್ತಿದ್ದೆ, ಕೆಳಗಿನ ಲ್ಯಾಬಿನಲ್ಲಿ ಅವರು ಗಾಜಿನ ಪಟ್ಟಿಗಳ ಮೇಲೆ ಅಂಟಿಸಿದ ಮಾಂಸದ ತೆಳು ಚೂರುಗಳಲ್ಲಿ ರೋಗ ಹುಡುಕುತ್ತಿದ್ದರು. ಒಂದು ಮಧ್ಯಾಹ್ನ ಪಾರ್ಕಿಂಗ್ ಜಾಗದಲ್ಲಿ ಬಿಳಿ ಕೋಟಿನ ಹೆಂಗಸೊಬ್ಬರು ಜಿನುಗುವ ಮಳೆಯಲ್ಲಿ ನಿಂತು ಫೋನಿನಲ್ಲಿ, "ಹುಣಸೆಹಣ್ಣು ನೆನೆಹಾಕಿದ್ರೋ ಇಲ್ವೋ? ಅಷ್ಟು ಹೇಳಿ ಸಾಕು" ಎಂದು ಗದರುತ್ತಿದ್ದರು. ನಾನು ಕಾರಿನ ಬಾಗಿಲು ಹಿಡಿದು ನಿಂತೇಬಿಟ್ಟೆ. ಅವರು ನನ್ನ ಕಡೆ ತಿರುಗಿ, "ಏನಮ್ಮಾ, ನೀನಾದ್ರೂ ನೆನೆಹಾಕಿ ಬಂದಿದೀಯಾ?" ಎಂದರು. ಪರಿಚಯ ಆದದ್ದು ಹಾಗೆ.

ಫೋನಿನ ಆ ಕಡೆ ಇದ್ದವರು ಅವರ ಗಂಡ. ನಾನು ಅವರನ್ನು ಭಾಯಿ ಎನ್ನುತ್ತೇನೆ. ವಿಮಾನದ ಬಿಡಿಭಾಗ ಮಾಡುವ ಕಂಪನಿಯಿಂದ ಬೇಗನೆ ನಿವೃತ್ತರಾಗಿ ಅಡುಗೆಮನೆಯ ಯಜಮಾನಿಕೆ ವಹಿಸಿಕೊಂಡವರು. ಮಕ್ಕಳಿರಲಿಲ್ಲ. ಬೊಥೆಲ್‌ನ ನಮ್ಮ ಹಿಂದಿನ ಬೀದಿಯಲ್ಲೇ ಅವರ ಮನೆ. ನಾನು ಶನಿವಾರ ಮಧ್ಯಾಹ್ನ ಅಲ್ಲಿ ಊಟ ಮಾಡುವುದು ಯಾರೂ ಕರೆಯದೆ, ಯಾರೂ ಬೇಡವೆನ್ನದೆ ಜಾರಿಗೆ ಬಂದ ಪದ್ಧತಿ.

ಆಪಾ ಯಾವುದನ್ನೂ ಒಂದು ಸಲ ನೋಡಿ ನಂಬುವವರಲ್ಲ. "ಕಣ್ಣಾರೆ ಕಂಡರೂ ಪರಾಂಬರಿಸಿ ನೋಡು" ಎಂಬ ಗಾದೆ ಅವರ ಬಾಯಲ್ಲಿ ದಿನಕ್ಕೆ ನಾಲ್ಕು ಸಲ ಬರುತ್ತಿತ್ತು. ಲ್ಯಾಬಿನಲ್ಲಿ ಅದು ಸರಿಯೇ, ಒಬ್ಬರ ಜೀವದ ಪ್ರಶ್ನೆ. ಆದರೆ ಆಪಾ ಈರುಳ್ಳಿ ಕೊಳ್ಳುವಾಗಲೂ ಪರಾಂಬರಿಸುವವರು. ಅವರ ಜೊತೆ ತರಕಾರಿಗೆ ಹೋದವರಿಗೆ ಅವತ್ತು ಬೇರೆ ಕೆಲಸ ಆಗುತ್ತಿರಲಿಲ್ಲ.

ಒಂದು ಹಳೆಯ ಜರ್ಮನ್ ಸಿನಿಮಾ ಅವರ ಕೈಗೆ ಬಂದದ್ದು ಅವರು ಕೆಲಸದಿಂದ ನಿವೃತ್ತರಾದ ಮೇಲೆ. ಪಕ್ಕದ ಊರು ವುಡಿನ್‌ವಿಲ್‌ನಲ್ಲಿ ಹಳೆಯ ಸಿನಿಮಾ ಹುಚ್ಚಿನವರ ಒಂದು ಸಣ್ಣ ಗುಂಪಿದೆ. ಆಪಾ ಅದರಲ್ಲಿದ್ದರು. ಸ್ನೊಕ್ವಾಲ್ಮಿಯ ಒಂದು ಮನೆಯ ಅಟ್ಟದಲ್ಲಿ ಯಾರಿಗೋ ತಗಡಿನ ಡಬ್ಬಿಗಳು ಸಿಕ್ಕಿ, ಅವು ಗುಂಪಿನ ಕೈ ಸೇರಿದ್ದವು. ಒಳಗೆ ಮಾತಿಲ್ಲದ ಕಾಲದ ಒಂದು ಸಿನಿಮಾ, ನಡುನಡುವೆ ಬರುವ ಬರಹವೆಲ್ಲ ಜರ್ಮನ್. ಮೊದಲಿನ ಸುರುಳಿ ಪುಡಿಪುಡಿಯಾಗಿ ಹೋಗಿತ್ತು. ಹೀಗಾಗಿ ಚಿತ್ರದ ಹೆಸರೇನು, ಮಾಡಿದವರು ಯಾರು, ನಟಿಸಿದವರು ಯಾರು, ಒಂದೂ ತಿಳಿಯದು. ಉಳಿದದ್ದನ್ನು ಕಂಪ್ಯೂಟರಿಗೆ ಇಳಿಸಿದ್ದರು. ತುಂಬ ಗೀರು, ಧೂಳು, ಬೂಸ್ಟು. ಒಂದೊಂದೇ ಚೌಕ, ಅಂದರೆ ಫ್ರೇಮು, ತೆಗೆದು ಅದನ್ನು ಒರೆಸಬೇಕು, ಒಂದು ಸೆಕೆಂಡಿಗೆ ಹದಿನೆಂಟು ಚೌಕ. ಯಾರು ಮಾಡುತ್ತೀರಿ ಎಂದು ಕೇಳಿದಾಗ ಗುಂಪಿನವರೆಲ್ಲ ತಮ್ಮ ತಮ್ಮ ಬೂಟು ನೋಡಿಕೊಂಡರಂತೆ. ಆಪಾ ಕೈ ಎತ್ತಿದರು.

ಕತೆ ಒಬ್ಬ ಶಿಲ್ಪಿಯದು. ಊರಿನ ಧನಿಕನೊಬ್ಬನ ಮಗಳು ಹೊಳೆಯಲ್ಲಿ ಮುಳುಗಿ ಸತ್ತಿದ್ದಾಳೆ. ಅವಳ ಮುಖ ಕಲ್ಲಿನಲ್ಲಿ ಕಡೆದುಕೊಡಬೇಕು. ಶಿಲ್ಪಿಗೆ ಆ ಮುಖದ ಗೀಳು ಹಿಡಿಯುತ್ತದೆ. ಕೆಲಸದ ಕೋಣೆಯ ಬಾಗಿಲು ಹಾಕಿಕೊಂಡವನು ತೆಗೆಯುವುದೇ ಇಲ್ಲ. ಹೆಂಡತಿ ದಿನಾ ಬುಟ್ಟಿಯಲ್ಲಿ ಊಟ ತಂದು ಹೊರಗೆ ಕಾಯುತ್ತಾಳೆ. ಒಂದು ದಿನ ಕಾದು ಕಾದು ಬುಟ್ಟಿಯನ್ನು ಮೆಟ್ಟಿಲ ಮೇಲಿಟ್ಟು ಊರು ಬಿಟ್ಟೇ ಹೋಗುತ್ತಾಳೆ. ಕೊನೆಗೆ ಅವನಿಗೆ ಬುದ್ಧಿ ಬಂದು, ಧನಿಕನ ಮಗಳ ವಿಗ್ರಹ ಪಕ್ಕಕ್ಕೆ ಸರಿಸಿ, ಹೆಂಡತಿಯ ಮುಖ ಕಡೆಯಲು ಕೂರುತ್ತಾನೆ. ಹೇಗಿತ್ತು ಆ ಮುಖ? ನೆನಪಿಗೇ ಬರುವುದಿಲ್ಲ. ಬರೀ ಕಲ್ಲಿನ ಮುಂದೆ ಉಳಿ ಹಿಡಿದು ಕೂತಿರುತ್ತಾನೆ, ಅಲ್ಲಿಗೆ ಚಿತ್ರ ಮುಗಿಯುತ್ತದೆ. ಎದೆ ಹಿಡಿದುಕೊಳ್ಳುವುದು, ಕಣ್ಣು ಹೊರಳಿಸುವುದು ಎಲ್ಲ ಸ್ವಲ್ಪ ಜಾಸ್ತಿಯೇ ಇದೆ. ಮೊದಲ ಸಲ ನೋಡಿ ನಾನು ನಕ್ಕೆ. ಆಪಾ ನಗಲಿಲ್ಲ.

ಆಪಾರ ಕೆಲಸ ನೋಡಿ ನನ್ನ ಕೈ ಸುಮ್ಮನಿರಲಿಲ್ಲ. "ಇಷ್ಟಕ್ಕೆಲ್ಲ ವರ್ಷಗಟ್ಲೆ ಕೂರ್ತೀರಾ ಆಪಾ? ಒಂದು ಪ್ರೋಗ್ರಾಂ ಬರ್ದುಬಿಡ್ತೀನಿ, ಧೂಳೆಲ್ಲ ಅದೇ ತೆಗೆಯತ್ತೆ" ಎಂದೆ. ಎರಡು ವಾರಾಂತ್ಯ ಕೂತು ಬರೆದೆ. ಪ್ರೋಗ್ರಾಂ ಹತ್ತು ನಿಮಿಷದಲ್ಲಿ ಕೆಲಸ ಮುಗಿಸಿತು. ಬೀಗುತ್ತಾ ತೋರಿಸಿದೆ. ತೆರೆಯ ಮೇಲೆ ಶಿಲ್ಪಿ ಕಲ್ಲಿಗೆ ಏಟು ಹಾಕುತ್ತಿದ್ದಾನೆ, ಹಾಕುತ್ತಲೇ ಇದ್ದಾನೆ, ಒಂದು ಚಕ್ಕೆ ಕೂಡ ಹಾರುತ್ತಿಲ್ಲ! ನನ್ನ ಪ್ರೋಗ್ರಾಂ ಕಲ್ಲಿನ ಚಕ್ಕೆಗಳನ್ನೆಲ್ಲ ಧೂಳೆಂದು ಗುಡಿಸಿ ಹಾಕಿತ್ತು. ಭಾಯಿ ಬಾಗಿಲಲ್ಲಿ ನಿಂತು ಹೊಟ್ಟೆ ಹಿಡಿದುಕೊಂಡು ನಕ್ಕರು.

ಆಪಾ ಮಾತ್ರ ಕುರ್ಚಿ ಎಳೆದು ನನ್ನನ್ನು ಪಕ್ಕ ಕೂರಿಸಿಕೊಂಡರು. "ನೋಡು ಬೇಟಾ. ಧೂಳು ಒಂದೇ ಫ್ರೇಮಲ್ಲಿರತ್ತೆ. ಮುಂದಿನ ಫ್ರೇಮಿಗೆ ಹೋದ್ರೆ ಇರಲ್ಲ. ಚಕ್ಕೆ ಹಂಗಲ್ಲ. ಇಲ್ಲಿದ್ದದ್ದು ಮುಂದಿನದ್ರಲ್ಲಿ ಸ್ವಲ್ಪ ಆ ಕಡೆ ಇರತ್ತೆ, ಅದರ ಮುಂದಿನದ್ರಲ್ಲಿ ಇನ್ನೂ ಆ ಕಡೆ. ಅದಕ್ಕೊಂದು ದಾರಿ ಇರತ್ತೆ. ದಾರಿ ಇರೋದನ್ನ ಒರೆಸ್ಬಾರ್ದು." ಹಿಂದಿನ ಚೌಕ, ಮುಂದಿನ ಚೌಕ ನೋಡದೆ ಅವರು ಒಂದು ಚುಕ್ಕೆಯನ್ನೂ ಮುಟ್ಟುತ್ತಿರಲಿಲ್ಲ. ನನ್ನ ಪ್ರೋಗ್ರಾಂ ಮೂಲೆ ಸೇರಿತು. ನಾನು ಶನಿವಾರ ಊಟದ ಋಣಕ್ಕೆ ಎರಡು ಗಂಟೆ ಅವರ ಜೊತೆ ಕೂತು ಧೂಳು ಒರೆಸಲು ಕಲಿತೆ.

ದಿನಾ ನಾಲ್ಕು ಗಂಟೆಗೆ ಭಾಯಿ ಚಹಾ ತಂದು ಬಾಗಿಲು ತಟ್ಟುತ್ತಿದ್ದರು. ಆಪಾ ತಿರುಗದೆಯೇ "ಅಲ್ಲಿಡಿ" ಎನ್ನುತ್ತಿದ್ದರು. ಭಾಯಿ ಅಲ್ಲಿಡುತ್ತಿದ್ದರು. ಅರ್ಧ ಗಂಟೆ ಬಿಟ್ಟು ಬಂದು ಆರಿದ ಚಹಾ ತೆಗೆದುಕೊಂಡು ಹೋಗಿ ಬಿಸಿ ಮಾಡಿ ತಂದು ಮತ್ತೆ ಅಲ್ಲೇ ಇಡುತ್ತಿದ್ದರು. ಒಂದು ದಿನ ನನ್ನ ಕಿವಿಯಲ್ಲಿ, "ಆ ಜರ್ಮನಿ ಹೆಂಡತಿ ಬುಟ್ಟಿ ಇಟ್ಟು ಹೋದ್ಳು. ನಾನು ಎಲ್ಲಿಗೆ ಹೋಗ್ಲಿ, ಪಾಸ್‌ಪೋರ್ಟೂ ಇವಳ ಹತ್ರಾನೇ ಇದೆ" ಎಂದರು. ತಮಾಷೆಗೇ ಅಂದದ್ದು, ಆದರೂ ನನಗೆ ಸ್ವಲ್ಪ ಕಷ್ಟವಾಯಿತು.

ಎರಡನೆಯ ವರ್ಷದಲ್ಲಿ ಆಪಾರ ಕಣ್ಣಿನ ವಿಷಯ ಹೊರಬಿತ್ತು. ನೋಟದ ನಡುಭಾಗವೇ ಮಸುಕಾಗುತ್ತಾ ಹೋಗುವ ಕಾಯಿಲೆ. ಎಡಗಣ್ಣು ಅಷ್ಟರಲ್ಲಾಗಲೇ ಹೋಗಿತ್ತು, ಯಾರಿಗೂ ಹೇಳಿರಲಿಲ್ಲ. ಈಗ ಬಲಗಣ್ಣಿಗೂ ಬಂದಿತ್ತು. ಅಂಚಿನಲ್ಲಿ ಬಾಗಿಲು, ಕಿಟಕಿ, ದಾರಿ ಕಾಣುತ್ತದೆ. ಎದುರಿಗಿರುವ ಮುಖ ಕಾಣುವುದಿಲ್ಲ. ಚುಚ್ಚುಮದ್ದು ಕೊಟ್ಟು ಸ್ವಲ್ಪ ಕಾಲ ತಡೆಯಬಹುದು, ಅಷ್ಟೇ. ಕಣ್ಣನ್ನು ಬಳಸಿದರೆ ಸವೆಯುವುದಿಲ್ಲ, ಬಳಸದಿದ್ದರೆ ಉಳಿಯುವುದೂ ಇಲ್ಲ ಎಂದು ಡಾಕ್ಟರ್ ಹೇಳಿದ್ದರು. ಅಂದರೆ ಇನ್ನಿರುವ ನೋಟವನ್ನು ಯಾವುದಕ್ಕೆ ಖರ್ಚು ಮಾಡುತ್ತೀರೋ ಮಾಡಿ ಎಂದಂತೆ. ಭಾಯಿಗೆ ಹೆಂಡತಿಯನ್ನು ಮೈಸೂರಿಗೆ ಕರೆದುಕೊಂಡು ಹೋಗಬೇಕು, ಬೆಟ್ಟ ಕಡಲು ತೋರಿಸಬೇಕು ಎಂಬ ಆಸೆ. ಆಪಾ ಹಿಡಿದ ಪಟ್ಟು ಬಿಡಲಿಲ್ಲ. "ಮೂರು ಸುರುಳಿ ಉಳಿದಿದೆ. ಮುಗಿಸ್ತೀನಿ. ಆಮೇಲೆ ಎಲ್ಲಿಗೆ ಕರೀತೀರೋ ಬರ್ತೀನಿ" ಎಂದರು. ಆಮೇಲೆ ಅವರಿಗೆ ಏನು ಕಾಣುತ್ತದೆ ಎಂದು ಭಾಯಿ ಕೇಳಲಿಲ್ಲ, ನಾನೂ ಕೇಳಲಿಲ್ಲ.

ನವೆಂಬರಿನಲ್ಲಿ ಅವರು ಮುಗಿಸಿದ ಒಂದು ಭಾಗವನ್ನು ಜೋಡಿಸಲೆಂದು ನಾನು ಮನೆಗೆ ತಂದೆ. ಹೆಂಡತಿ ಬಾಗಿಲ ಹೊರಗೆ ಕಾಯುವ ದೃಶ್ಯ. ನಾಲ್ಕು ತಿಂಗಳ ಕೆಲಸ, ಗಾಜು ತೊಳೆದಷ್ಟು ಸ್ವಚ್ಛ. ಒಂದು ಧೂಳಿನ ಕಣವಿಲ್ಲ. ನೋಡುತ್ತಾ ಇದ್ದೆ. ಅವಳು ಶಾಲನ್ನು ತಲೆಯ ಮೇಲೆ ಎಳೆದುಕೊಂಡಳು. ಭುಜದ ಮೇಲಿಂದ ಏನನ್ನೋ ಕೊಡವಿದಳು. ಅಲ್ಲೇನೂ ಇರಲಿಲ್ಲ. ಅಂಗೈ ಚಾಚಿ ಆಕಾಶ ನೋಡಿದಳು. ಅಂಗೈಯಲ್ಲೂ ಏನೂ ಬೀಳಲಿಲ್ಲ. ಒರೆಸುವ ಮೊದಲಿನ ಪ್ರತಿ ತೆಗೆದು ನೋಡಿದೆ. ಆ ದೃಶ್ಯದ ಉದ್ದಕ್ಕೂ ಹಿಮ ಬೀಳುತ್ತಿತ್ತು. ಆಪಾ ಹಿಮವನ್ನೆಲ್ಲ ಧೂಳೆಂದು ಒರೆಸಿಬಿಟ್ಟಿದ್ದರು, ಒಂದೊಂದೇ ಹಳಕನ್ನು ಹುಡುಕಿ, ಸಾವಿರಾರು ಚೌಕಗಳಲ್ಲಿ.

ದಾರಿ ಇರುವುದನ್ನು ಒರೆಸಬಾರದು ಎಂದವರಿಗೆ ದಾರಿ ಕಾಣುವುದು ಯಾವಾಗಲೋ ನಿಂತುಹೋಗಿತ್ತು. ಪರದೆ ದೊಡ್ಡದು ಮಾಡಿಕೊಂಡು ಬಿಳಿ ಚುಕ್ಕೆ ಕಂಡಲ್ಲೆಲ್ಲ ಅಭ್ಯಾಸಬಲದಿಂದ ಕೈ ಆಡಿಸಿದ್ದರು. ನಾನು ಅದನ್ನು ನೋಡಿಕೊಂಡು ತುಂಬ ಹೊತ್ತು ಅತ್ತೆ.

ಆಗಲೇ ಹೋಗಿ ಹೇಳಬೇಕಿತ್ತು. ಹೇಳಲಿಲ್ಲ. ಹೇಗೆ ಹೇಳುವುದು? ಮೂವತ್ತು ವರ್ಷ ಒಬ್ಬರ ರೋಗವನ್ನೂ ತಪ್ಪಾಗಿ ಓದದ ಕಣ್ಣಿಗೆ, ನೀನು ಇನ್ನು ನಂಬಿಕೆಗೆ ಯೋಗ್ಯವಲ್ಲ ಎಂದು ನಾನು ಹೇಳುವುದೇ? ಅದಕ್ಕಿಂತ ನಾನೇ ಸದ್ದಿಲ್ಲದೆ ಹಿಮವನ್ನು ವಾಪಸ್ ತಂದುಬಿಡುವುದು ಸುಲಭವೆನಿಸಿತು. ಆಫೀಸಿನಿಂದ ಬಂದು ಹಳೆಯ ಪ್ರತಿಯಿಂದ ಶುರು ಮಾಡಿದೆ. ಆಪಾ, "ಆ ಬಾಗಿಲಿನ ಸೀನ್ ಹೆಂಗ್ ಬಂದಿದೆ?" ಎಂದು ಕೇಳಿದರು. "ತುಂಬಾ ಚೆನ್ನಾಗ್ ಬಂದಿದೆ ಆಪಾ" ಎಂದೆ. ಅವರು ಸಂತೋಷದಿಂದ ಮುಂದಿನ ದೃಶ್ಯಕ್ಕೆ ಕೂತರು, ಇದ್ದ ಬದ್ದ ನೋಟವನ್ನೆಲ್ಲ ಮತ್ತೆ ಅದೇ ಪರದೆಗೆ ಸುರಿಯತೊಡಗಿದರು. ನಾನು ದಯೆ ತೋರಿಸುತ್ತಿದ್ದೇನೆ ಎಂದುಕೊಂಡಿದ್ದೆ. ಈಗ ಅದಕ್ಕೆ ನಾನು ಇಟ್ಟುಕೊಂಡಿರುವ ಹೆಸರು ಪುಕ್ಕಲುತನ.

ಹದಿನೇಳನೆಯ ದಿನ ಶನಿವಾರ. ಬಾಗಿಲು ತೆಗೆದ ಭಾಯಿಯ ಮುಖ ಇಳಿದಿತ್ತು. "ನಿನ್ನೆ ಡಾಕ್ಟರ್ ಹತ್ರ ಹೋಗಿದ್ವಿ. ಬೇಸಿಗೆ ತನಕ ಸಿಕ್ಕಿದ್ರೆ ಪುಣ್ಯ ಅಂದ್ರು" ಎಂದರು. ನಾನು ಚಪ್ಪಲಿ ಬಿಟ್ಟವಳೇ ಮೇಲೆ ಹೋಗಿ, ಕೂರದೆ, "ಆಪಾ, ಆ ಸೀನಲ್ಲಿ ಹಿಮ ಬೀಳ್ತಿತ್ತು" ಎಂದೆ.

ಅವರಿಗೆ ತಕ್ಷಣ ಅರ್ಥವಾಯಿತು. "ತೋರ್ಸು" ಎಂದರು. ಎರಡೂ ಪ್ರತಿ ಅಕ್ಕಪಕ್ಕ ಹಾಕಿದೆ. ಮೂಗು ಪರದೆಗೆ ತಾಗುವಷ್ಟು ಹತ್ತಿರ ಹೋಗಿ, ತಲೆ ಓರೆ ಮಾಡಿ, ಅತ್ತ ಇತ್ತ ನೋಡಿದರು.

"ಅವಳು ಕೈ ಚಾಚಿದಾಳಾ?"

"ಹೂಂ ಆಪಾ."

"ಕೈಗೆ ಬೀಳ್ತಿದೆಯಾ?"

"ಮೊದಲಿನದ್ರಲ್ಲಿ ಬೀಳ್ತಿದೆ."

ಬೈಯುತ್ತಾರೆ, ಅಳುತ್ತಾರೆ, ಏನಾದರೂ ಮಾಡುತ್ತಾರೆ ಎಂದು ಕಾದೆ. "ನಿಂಗೆ ಯಾವತ್ತು ಗೊತ್ತಾಯ್ತು?" ಎಂದರು.

ಸುಳ್ಳು ಹೇಳಬಹುದಿತ್ತು. "ಹದಿನೇಳು ದಿನ ಆಯ್ತು" ಎಂದೆ.

"ಹದಿನೇಳು ದಿನ ಇವರ ಮುಖ ನೋಡ್ಬಹುದಿತ್ತಲ್ಲ ಬೇಟಾ" ಎಂದರು. ಕೋಪ ಇರಲಿಲ್ಲ. ಬಸ್ಸು ತಪ್ಪಿದವರು ಹೇಳುವ ಹಾಗೆ ಹೇಳಿದರು. ಕೋಪ ಮಾಡಿಕೊಂಡಿದ್ದರೆ ನನಗೆ ಸುಲಭವಾಗುತ್ತಿತ್ತು.

ನಾಲ್ಕು ಗಂಟೆಗೆ ಬಾಗಿಲು ತಟ್ಟಿದ ಸದ್ದಾಯಿತು. ಆಪಾ ಕುರ್ಚಿ ತಿರುಗಿಸಿ, "ಒಳಗೆ ಬನ್ನಿ, ಕೂತ್ಕೊಳ್ಳಿ" ಎಂದರು. ಭಾಯಿ ಗಾಬರಿಯಾಗಿ ನನ್ನ ಕಡೆ ನೋಡಿದರು. "ಯಾಕೆ? ನಿನ್ನೆ ಸಕ್ಕರೆ ಜಾಸ್ತಿ ಆಗಿತ್ತಾ?"

"ಏನೂ ಆಗಿಲ್ಲ. ಕಿಟಕಿ ಕಡೆ ತಿರುಗಿ ಕೂತ್ಕೊಳ್ಳಿ, ಬೆಳಕಿರ್ಲಿ."

ಭಾಯಿ ಫೋಟೋ ತೆಗೆಸಿಕೊಳ್ಳುವವರಂತೆ ಬೆನ್ನು ನೆಟ್ಟಗೆ ಮಾಡಿ ಕೂತರು. ನಾನು ಕೆಳಗೆ ಬಂದು ಅಡುಗೆಮನೆಯ ಪಾತ್ರೆಯನ್ನೆಲ್ಲ ತೊಳೆದೆ, ತೊಳೆದಿದ್ದನ್ನೂ ಸೇರಿಸಿ.

ಆಮೇಲೆ ಆಪಾ ಆ ಸಿನಿಮಾದ ಒಂದು ಚೌಕವನ್ನೂ ನೋಡಲಿಲ್ಲ. "ಕೆಲಸ ನಿಂದು. ಕಣ್ಣು ಇವರಿಗೆ" ಎಂದು ಹೇಳಿ ಕಂಪ್ಯೂಟರನ್ನೇ ನನ್ನ ಕಾರಿಗೆ ಹಾಕಿಸಿದರು. ಮೈಸೂರಿನ ಮಾತೆತ್ತಿದರೆ, "ಮೈಸೂರು ನಂಗೆ ಬಾಯಿಪಾಠ ಇದೆ, ನಿಮ್ಮ ಮುಖಾನೇ ಆಗಿಲ್ಲ" ಎನ್ನುತ್ತಿದ್ದರು. ಭಾಯಿ ಹೆಮ್ಮೆಯಿಂದ ಸ್ನೊಕ್ವಾಲ್ಮಿಯ ಜಲಪಾತಕ್ಕೆ ಕರೆದುಕೊಂಡು ಹೋದರೆ ಆಪಾ ಜಲಪಾತಕ್ಕೆ ಬೆನ್ನು ಹಾಕಿ ಗಂಡನನ್ನು ನೋಡುತ್ತಾ ನಿಂತರು. "ಅಲ್ಲಿ ನೋಡೇ, ಎಷ್ಟು ನೀರು!" ಎಂದರೆ, "ಅದು ಕೇಳಿಸ್ತಿದೆ. ನೀವು ಮಾತಾಡದೇ ಇದ್ರೆ ನೀವಿರೋದೇ ಗೊತ್ತಾಗಲ್ಲ, ಅದಕ್ಕೆ ನಿಮ್ಮನ್ನ ನೋಡ್ತಿದೀನಿ" ಎಂದರು. ಪಕ್ಕದಲ್ಲಿದ್ದ ಪ್ರವಾಸಿಗರು ಇವರಿಬ್ಬರ ಫೋಟೋ ತೆಗೆಯಲೇ ಎಂದು ಕೇಳಿದರು. ಹೀಗೆ ಬೇಸಿಗೆಯ ತನಕ ನಡೆಯಿತು. ಜೂನಿನ ಒಂದು ಬೆಳಿಗ್ಗೆ ಆಪಾ ನನಗೆ ಕಾಲ್ ಮಾಡಿ, "ಇವತ್ತು ಮೂಗು ಕಾಣಿಸ್ಲಿಲ್ಲ. ಹುಬ್ಬು ಇನ್ನೂ ಇದೆ" ಎಂದರು. ವಾರದ ಮೇಲೆ ಹುಬ್ಬಿನ ಸುದ್ದಿಯೂ ಇರಲಿಲ್ಲ.

ಸಿನಿಮಾ ನಾನು ಮುಗಿಸಿದೆ. ಆಪಾ ಪಕ್ಕದಲ್ಲಿ ಕೂತು ಕೇಳುತ್ತಿದ್ದರು: "ಮುಂದಿನದ್ರಲ್ಲಿ ಇದೆಯಾ? ಎಲ್ಲಿದೆ? ಕೆಳಗೆ ಬಂತಾ? ಹಂಗಾದ್ರೆ ಬಿಡು." ಒಂದೇ ಒಂದು ಹಿಮದ ಹಳಕನ್ನೂ ಅವರ ಅಪ್ಪಣೆ ಇಲ್ಲದೆ ನಾನು ಮುಟ್ಟಲಿಲ್ಲ.

ಮುಂದಿನ ಅಕ್ಟೋಬರಿನಲ್ಲಿ ವುಡಿನ್‌ವಿಲ್‌ನ ಸಣ್ಣ ಸಭಾಂಗಣದಲ್ಲಿ ಅದನ್ನು ತೋರಿಸಿದರು. ಅರವತ್ತು ಜನ ಇದ್ದಿರಬಹುದು. ಒಬ್ಬರು ಪಿಯಾನೊ ನುಡಿಸಿದರು. ಮುಂದಿನ ಸಾಲಿನಲ್ಲಿ ಆಪಾ, ಅವರ ಒಂದು ಪಕ್ಕ ಭಾಯಿ, ಇನ್ನೊಂದು ಪಕ್ಕ ನಾನು. ಎರಡು ವರ್ಷ ಬಾಗಿಲ ಹೊರಗೇ ನಿಂತಿದ್ದ ಭಾಯಿ ಪೂರ್ತಿ ಚಿತ್ರವನ್ನು ಅವತ್ತೇ ಮೊದಲು ನೋಡಿದ್ದು. ಅವರೇ ಆಪಾರ ಕಿವಿಯಲ್ಲಿ ಕತೆ ಹೇಳುತ್ತಿದ್ದರು. "ಈಗ ಬಾಗಿಲು ಹಾಕ್ಕೊಂಡ... ಪಾಪ ಅವಳು ಬುಟ್ಟಿ ತಂದಿದಾಳೆ... ಏನ್ ಹಿಮ ಮಾರಾಯ್ತಿ, ಸುರೀತಾ ಇದೆ... ಭುಜದ ಮೇಲೆಲ್ಲ ಬಿದ್ದಿದೆ, ಕೊಡವಿಕೊಳ್ತಿದಾಳೆ..." ಆಪಾ ತಲೆಯಾಡಿಸುತ್ತಿದ್ದರು. ಹಿಂದಿನ ಸಾಲಿನವರು ಯಾರೂ ಸುಮ್ಮನಿರಿ ಎನ್ನಲಿಲ್ಲ.

ಕೊನೆಯ ದೃಶ್ಯದಲ್ಲಿ ಭಾಯಿ ಮಾತು ನಿಲ್ಲಿಸಿದರು.

"ಏನಾಯ್ತು?" ಎಂದರು ಆಪಾ.

"ಕಲ್ಲಿನ ಮುಂದೆ ಕೂತಿದಾನೆ. ಅವನಿಗೆ ಹೆಂಡತಿ ಮುಖ ನೆನಪಾಗ್ತಿಲ್ಲ."

"ನಂಗೆ ನೆನಪಿದೆ" ಎಂದು ಆಪಾ ಭಾಯಿಯ ಕೈ ಹಿಡಿದುಕೊಂಡರು. ನಾನು ಆ ಕಡೆ ನೋಡದೆ ಪರದೆಯನ್ನೇ ನೋಡುತ್ತಾ ಕೂತೆ.

ಹೋದ ಫೆಬ್ರವರಿಯಲ್ಲಿ ಆಪಾ ಹೋದರು. ಹೃದಯ ನಿಂತಿತು, ನರಳಲಿಲ್ಲ. ಸುದ್ದಿ ತಿಳಿದು ವುಡಿನ್‌ವಿಲ್‌ನ ಗುಂಪಿನವರೂ ಲ್ಯಾಬಿನವರೂ ಬಂದರು, ಭಾಯಿ ಎಲ್ಲರಿಗೂ ಚಹಾ ಮಾಡಿಕೊಡಲು ಎದ್ದು ನಿಂತರು, ಬೇಡವೆಂದರೂ ಕೇಳಲಿಲ್ಲ. ನಲವತ್ತು ದಿನ ಕಳೆದ ಮೇಲಿನ ಶನಿವಾರ ನಾನು ಎಂದಿನಂತೆ ಊಟಕ್ಕೆ ಹೋದೆ. ಊಟ ಮಾಡುತ್ತಾ ಭಾಯಿ ತಾವಾಗಿಯೇ ಮಾತು ತೆಗೆದರು.

"ಮದುವೆಯಾಗಿ ಮೂವತ್ತೈದು ವರ್ಷ ಆಗಿತ್ತು. ಅಷ್ಟೂ ವರ್ಷದಲ್ಲಿ ಅವಳು ನನ್ನ ನೋಡಿದ್ದು ಒಂದು ತೂಕ, ಆ ಆರೇಳು ತಿಂಗಳು ನೋಡಿದ್ದೇ ಒಂದು ತೂಕ. ನಾಚಿಕೆ ಆಗ್ತಿತ್ತು ಕಣಮ್ಮ ನಂಗೆ. ದಿನಾ ಶೇವ್ ಮಾಡ್ಕೋತಿದ್ದೆ" ಎಂದು ನಕ್ಕರು. ಆಮೇಲೆ ನನ್ನ ತಟ್ಟೆಗೆ ಇನ್ನಷ್ಟು ಅನ್ನ ಹಾಕಿ, "ನಿನ್ನಿಂದ ಆಗಿದ್ದು ಅದು. ಯಾವಾಗ್ಲೂ ಹೇಳ್ತಿದ್ಳು. ತಪ್ಪು ಕಂಡ ದಿನಾನೇ ಓಡಿ ಬಂದು ಹೇಳಿದೆಯಂತೆ, ಒಂದು ದಿನಾನೂ ಹಾಳು ಮಾಡ್ಲಿಲ್ವಂತೆ. ಬೇರೆಯವರಾಗಿದ್ರೆ ಮುಚ್ಚಿಡ್ತಿದ್ರು, ಈ ಹುಡುಗಿಗೆ ಧೈರ್ಯ ಇದೆ ಅಂತಿದ್ಳು" ಎಂದರು.

ಈರುಳ್ಳಿಯನ್ನೂ ಪರಾಂಬರಿಸಿ ನೋಡುತ್ತಿದ್ದ ಆಪಾ, ಮೂವತ್ತು ವರ್ಷ ಇದ್ದದ್ದನ್ನು ಇದ್ದ ಹಾಗೆ ಮಾತ್ರ ಹೇಳಿದ ಆಪಾ, ಗಂಡನ ಹತ್ತಿರ ನನಗೋಸ್ಕರ ಸುಳ್ಳು ಹೇಳಿದ್ದರು. ಅವರು ಹೋದ ಮೇಲೂ ಈ ಮನೆಯಲ್ಲಿ ನಾನು ತಲೆ ಎತ್ತಿ ಊಟ ಮಾಡಲಿ ಎಂದು. ಅಲ್ಲೇ ನಿಜ ಹೇಳಬೇಕೆಂದು ಬಾಯಿ ತೆರೆದೆ. ಭಾಯಿ ನಗುತ್ತಿದ್ದರು, ಬಹಳ ದಿನದ ಮೇಲೆ. "ಸಾರು ಚೆನ್ನಾಗಿದೆ ಭಾಯಿ" ಎಂದು ಹೇಳಿ ಬಂದೆ.

ಅದಕ್ಕೆ ಇದನ್ನು ಬರೆದೆ. ಭಾಯಿ ಓದಿದ್ದು ಮೈಸೂರಿನ ಕನ್ನಡ ಶಾಲೆಯಲ್ಲಿ. ನಾನು ಕನ್ನಡದಲ್ಲಿ ಏನು ಬರೆದರೂ ಮೊದಲು ಓದುವವರು ಅವರೇ.

ಭಾಯಿ, ಕಂಡ ದಿನವೇ ನಾನು ಬರಲಿಲ್ಲ. ಹದಿನೇಳು ದಿನ ಮುಚ್ಚಿಟ್ಟೆ. ಆ ಹದಿನೇಳು ದಿನ ಆಪಾ ನಿಮ್ಮನ್ನು ನೋಡಬೇಕಿತ್ತು.